ಬಗ್ಗಿ ನಿಂತವಳ ಲೆಕ್ಕ

ಹೆಸರು ಚಂಚಲಾಕ್ಷಿ. ನಿಲ್ಲಿಸಿದ್ದು
ಮಿಸುಕಬಾರದವಳ ಜಾಗದಲ್ಲಿ.
ಚೆಂಡು ಹೊರಡುವ ಮೊದಲು ನನ್ನ ಕಿರುಬೆರಳು ಅಲುಗಿದರೂ
ಐದು ಗಜ ಹಿಂದಕ್ಕೆ ಇಡೀ ತಂಡ.

ಕುಂಬಳೆಯ ಶಾಲೆ ಮೈದಾನು, ಮುರಕಲ್ಲಿನ ಕೆಂಪು ಹುಡಿ,
ಬೇಲಿಯಾಚೆ ರೈಲು, ರೈಲಿನಾಚೆ ಕಡಲು.
ಚೆಂಡು ಬಂದದ್ದು ಶಾರ್ಜಾದಿಂದ, ರಾಹಿಲಾಳ ಮಾಮನ ಪೆಟ್ಟಿಗೆಯಲ್ಲಿ,
ಹಾಲಿನಪುಡಿ, ಮಡಚುಕೊಡೆ, ತಲೆನೋವಿನ ಮುಲಾಮಿನ ನಡುವೆ.
'ಇದೆಂತ ಚೆಂಡೋ, ಗುಜ್ಜೆಯೋ?' ಅಂದರು ಐತಪ್ಪ ಮಾಷ್ಟ್ರು.
ಆಮೇಲೆ ಅವರೇ ರಾತ್ರಿಯೆಲ್ಲ ಮೊಬೈಲು ನೋಡಿ
ಬೆಳಿಗ್ಗೆ ಕೆಂಪು ಕಣ್ಣಲ್ಲಿ ಬಂದು
ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು.
ತಳ್ಳುವುದಿಲ್ಲ, ಕೆಡಹುವುದಿಲ್ಲ.
ಸೊಂಟದ ರಿಬ್ಬನು ಕಿತ್ತರೆ, ಸತ್ತೆ.

ಅಂಡರ್ ಸೆಂಟರ್ ಅಂದರು. ರಾಹಿಲಾ
ನನ್ನ ಬೆನ್ನಿಗೇ ಬಂದು, ಎರಡು ಅಂಗೈ ಕೆಳಗೊಡ್ಡಿ
ಚೆಂಡಿಗೆ ಕಾಯುವುದು.
ನಾವು ನಕ್ಕು ನಕ್ಕು ಕೂತೇಬಿಟ್ಟೆವು.
ಅದಕ್ಕೆ ಇಟ್ಟ ಹೆಸರು: ಸೂಲಗಿತ್ತಿ.
ಇನ್ನೊಂದು ಶಾಟ್‌ಗನ್. ಅವಳು ಐದು ಹೆಜ್ಜೆ ದೂರ,
ನಾನು ಕಾಲ ಸಂದಿಯಿಂದ ಎಸೆಯಬೇಕು.
ಅದಕ್ಕೆ ಬೇರೆ ಹೆಸರು ಬೇಕಾಗಲಿಲ್ಲ. ಕೋವಿ.

ಕೋವಿಗೆ ಬಗ್ಗಿ ನೋಡಿದರೆ
ಕಡಲು ಮೇಲೆ, ಆಕಾಶ ಕೆಳಗೆ,
ನಡುವೆ ಬಾವಲಿಯ ಹಾಗೆ ತೂಗುವ ರಾಹಿಲಾ.
ಅಲ್ಲಿಂದ ಅವಳಿಗೆ ಎಲ್ಲ ಕಾಣುತ್ತದೆ:
ಯಾರು ಓಡಿಬರುತ್ತಾಳೆ, ಯಾರ ಕಣ್ಣು ಎತ್ತ.
ಅವಳೂ ಎಲ್ಲರಿಗೆ ಕಾಣುತ್ತಾಳೆ.

ಸೂಲಗಿತ್ತಿಯಲ್ಲಿ ನನಗೆ ಮುಖವಿಲ್ಲ, ಬರೀ ಕೈ.
ಬಲದ ಹೆಬ್ಬೆರಳಲ್ಲಿ ಮೀನುಕತ್ತಿಯ ಗಾಯದ ಗೀರು,
ಪರೀಕ್ಷೆಯ ದಿನಗಳಲ್ಲಿ ತಣ್ಣಗೆ,
ಜಗಳವಾಡಿದ ಮರುದಿನ ಒರಟು.
ಚೆಂಡು ಕೊಟ್ಟ ಮೇಲೆ ಅವಳು ತಿರುಗಬೇಕು,
ಎರಡು ಹೆಜ್ಜೆಯಷ್ಟು ಹೊತ್ತು ಎದುರಾಳಿಗೆ ಬೆನ್ನು;
ಆ ಎರಡು ಹೆಜ್ಜೆಯಲ್ಲಿ ಚೆಂಡು ಎಲ್ಲಿದೆಯೆಂದು
ಅವಳ ಹೊಟ್ಟೆಗೆ ಮಾತ್ರ ಗೊತ್ತು.
ಲೆಕ್ಕ ಕೂಗುವುದೂ ಬೇಡ.
ಒಮ್ಮೆ ಒತ್ತಿದರೆ ಸಾಕು.

ಕೋವಿಗೆ ಕೂಗಬೇಕು. ಯಾವ ಭಾಷೆಯಲ್ಲಿ?
ಕಣ್ಣೂರಿನವರೆದುರು ಮಲೆಯಾಳದಲ್ಲಿ ಎಣಿಸಿದರೆ
ಅವರೂ ನಮ್ಮ ಜೊತೆಗೇ ಹಾರುತ್ತಾರೆ.
ಕನ್ನಡ ಹಾಕಿದೆವು; ಅವರಲ್ಲೊಬ್ಬಳ ಅಮ್ಮ ಪುತ್ತೂರಿನವಳು.
ಕೊನೆಗೆ ತುಳು.
ಮನೆಯಲ್ಲಿ ಬ್ಯಾರಿ ಆಡುವ ರಾಹಿಲಾ ಕೂಗುತ್ತಾಳೆ,
ಒಂಜಿ, ರಡ್ಡ್, ಮೂಜಿ,
ನಾಲ್ ಅಂದಾಗ ನಾನು ಕೊಡಬೇಕು.

ಪಯ್ಯನ್ನೂರಿನ ಪಂದ್ಯ. ಕೊನೆಯ ಎರಡು ನಿಮಿಷ.
ಮಾಷ್ಟ್ರು ಗಂಟಲು ಹರಿದು 'ಕೋವಿ! ಕೋವಿ!' ಎಂದದ್ದು ಕೇಳಿ
ಬೇಲಿ ಬದಿಯ ಐಸ್‌ಕ್ಯಾಂಡಿಯವನು ಬೆಚ್ಚಿಬಿದ್ದ.
ಗಾಳಿ. ಮೂಜಿ ಕೇಳಿತು, ನಾಲ್ ಕೇಳಿತೋ, ನಾನೇ ಅಂದುಕೊಂಡೆನೋ.
ಬೆವರಿದ ಕೈಯಿಂದ ಜಾರಿ ಅವಳ ತಲೆಯ ಮೇಲೆ ಹಾರಿ
ಚೆಂಡು ಹೋಯಿತು ಹಿಂದೆ, ಹನ್ನೆರಡು ಗಜ,
ಓಡಿಹೋದ ಆಡಿನ ಹಾಗೆ.

ಅವಳು ಬೈಯಲಿಲ್ಲ. ಮಾಷ್ಟ್ರ ಕಡೆ ನೋಡಲೂ ಇಲ್ಲ.
ಮುಂದಿನ ಸಲ ನಡೆದು ಬಂದಳು,
ಐದು, ನಾಲ್ಕು, ಮೂರು ಹೆಜ್ಜೆ,
ಬೆನ್ನಿಗೇ ಬಂದು ನಿಂತಳು. ಆ ಗೀರು.
ಒತ್ತಿದಳು.

ಕೊಟ್ಟವಳೂ ಓಡಬಹುದು, ಈ ಆಟದಲ್ಲಿ ಅದೊಂದು ಸುಖ.
ಓಡಿದೆ. ಗೆರೆಯ ಹತ್ತಿರ ತಿರುಗಿದೆ.
ಆಟದ ನಡುವೆ ಮೊದಲ ಸಲ ಅವಳ ಮುಖ ನೆಟ್ಟಗಿತ್ತು,
ಹಣೆ ಮೇಲೆ, ಗದ್ದ ಕೆಳಗೆ.
ಅದನ್ನೇ ನೋಡುತ್ತ ನಿಂತೆ.
ಚೆಂಡು ಎದೆಗೆ ಬಡಿದು ಕೆಳಗೆ ಬಿತ್ತು.

ಆರು ಅಂಕದಿಂದ ಸೋತೆವು.
ಸಂಜೆಯ ಪ್ಯಾಸೆಂಜರಿನಲ್ಲಿ ಮಾಷ್ಟ್ರು ಎಲ್ಲರಿಗೂ ಪಳಂಪೊರಿ ಕೊಡಿಸಿ
ಕೋವಿಯ ಬಗ್ಗೆ ಒಂದು ಮಾತೂ ಆಡದೆ
ಕಿಟಕಿಗೆ ತಲೆ ಕೊಟ್ಟರು.
ಕಾಞಂಗಾಡು ದಾಟುವಾಗ ರಾಹಿಲಾ ನನ್ನ ಹೆಗಲಿಗೆ ಒರಗಿ
ನಿದ್ದೆಯಲ್ಲೇ ಗೊಣಗಿದಳು:
ಒಂಜಿ. ರಡ್ಡ್. ಮೂಜಿ.

ನಾನು ಮಿಸುಕಲಿಲ್ಲ.